ಸ್ವಲ್ಪ ತಾಳಿ ಎಂದವರಿಗೆ

ಬೆಳ್ಳಿ ಎಂಬ ನಾಯಿ ಹೋದ ತಿಂಗಳು ತನ್ನ ಹೊಸ ಮನೆ ಸೇರಿದಳು. ನನ್ನ ಬಳಿ ಅವಳು ಇದ್ದದ್ದು 7 ತಿಂಗಳು. ‘ನೀವು ಒಂದು ಜೀವ ಉಳಿಸಿದಿರಿ’ ಎಂದು ಸಿಕ್ಕವರೆಲ್ಲ ಹೇಳುತ್ತಿದ್ದಾರೆ. ಕೇಳಲು ಹಿತವಾಗಿದೆ, ಆದರೆ ನಿಜವಲ್ಲ. ನನ್ನ ಪಾಡಿಗೆ ಬಿಟ್ಟಿದ್ದರೆ ಮೊದಲ ರಾತ್ರಿಯೇ ನಾನು ಅವಳ ಪ್ರಾಣ ತೆಗೆಯುತ್ತಿದ್ದೆ, ಅದೂ ತುಂಬು ಪ್ರೀತಿಯಿಂದ. ಆದ್ದರಿಂದ ಈ ಬರಹ, ಬೇಕಾದ ಹೊತ್ತಿಗೆ ನನ್ನ ಕೈ ಹಿಡಿದು ನಿಲ್ಲಿಸಿದವರಿಗೆ.

ಅವಳು ಸಿಕ್ಕಿದ್ದು ಬೀಗ ಹಾಕಿದ ಮನೆಯೊಂದರ ಹಿತ್ತಿಲಲ್ಲಿ. ಕೊರಳಿನ ಪಟ್ಟಿ ಮರಿಯಾಗಿದ್ದಾಗ ಕಟ್ಟಿದ್ದು. ಕೊರಳು ಬೆಳೆದಿತ್ತು, ಪಟ್ಟಿ ಬೆಳೆದಿರಲಿಲ್ಲ. ಚರ್ಮದೊಳಗೆ ಹೂತು ಅದರ ಬಣ್ಣವೇ ಕಾಣದಂತಾಗಿತ್ತು. 17 ಕೆ.ಜಿ. ಇರಬೇಕಾದವಳು 9 ಕೆ.ಜಿ. ಇದ್ದಳು. ಬೆನ್ನಿನ ಮೇಲೆ ಒಂದೆಳೆ ಕೂದಲಿಲ್ಲ. ಕಟ್ಟಿಹಾಕಿ ಹೋದವರ ಬಗ್ಗೆ ಏನೂ ಬರೆಯುವುದಿಲ್ಲ. ಇದು ಧನ್ಯವಾದದ ಬರಹ, ಅವರಿಗೂ ಇಲ್ಲಿ ಜಾಗ ಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಮೊದಲ ಋಣ ಡಾಕ್ಟರಿಗೆ. ಆ ರಾತ್ರಿ ತಟ್ಟೆ ತುಂಬ ಊಟ ಕಲಸಿಟ್ಟುಕೊಂಡೇ ಅವರಿಗೆ ಫೋನ್ ಮಾಡಿದ್ದೆ. ‘ತಟ್ಟೆಯನ್ನು ಅವಳಿಗೆ ಎಟುಕದ ಕಡೆ ಇಡಿ, ಆಮೇಲೆ ಮಾತಾಡೋಣ’ ಎಂದರು. ಬಹಳ ದಿನ ಉಪವಾಸವಿದ್ದ ಮೈ ತನ್ನ ಕೊಬ್ಬನ್ನೂ ಮಾಂಸವನ್ನೂ ತಾನೇ ಕರಗಿಸಿಕೊಂಡು ಬದುಕಿರುತ್ತದೆ. ಅಂಥ ಮೈಗೆ ಒಮ್ಮೆಲೇ ಹೊಟ್ಟೆ ತುಂಬ ಹಾಕಿದರೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿ ಅಷ್ಟಿಷ್ಟು ಉಳಿದಿದ್ದ ರಂಜಕ, ಪೊಟ್ಯಾಸಿಯಂ ಎಲ್ಲ ಜೀವಕೋಶಗಳೊಳಗೆ ನುಗ್ಗುತ್ತವೆ, ಹೃದಯದ ಬಡಿತ ತಪ್ಪುತ್ತದೆ. ಹಸಿವಿನಿಂದ ಸಾಯದ ನಾಯಿ ಊಟದಿಂದ ಸಾಯಬಹುದು ಎಂಬುದು ನನಗೆ ಹೊಸ ವಿಷಯ. ದಿನಕ್ಕೆ ಬೇಕಾದುದರ ಕಾಲು ಭಾಗ ಮಾತ್ರ, ಅದೂ 6 ಪಾಲು ಮಾಡಿ ಕೊಡಬೇಕೆಂದರು. ಒಂದು ಪಾಲೆಂದರೆ ನನ್ನ ಅಂಗೈಯಷ್ಟೂ ಇರಲಿಲ್ಲ. ಎರಡು ಗುಟುಕಿಗೆ ಮುಗಿಸಿ ಅವಳು ಖಾಲಿ ತಟ್ಟೆಯನ್ನು ನೆಕ್ಕುತ್ತ, ಮೂತಿಯಿಂದ ತಳ್ಳುತ್ತ ಕೋಣೆಯ ಉದ್ದಕ್ಕೂ ಹೋಗುತ್ತಿದ್ದಳು. ಗೋಡೆಗೆ ತಗಲುವವರೆಗೆ ಸ್ಟೀಲ್ ತಟ್ಟೆ ನೆಲಕ್ಕೆ ಉಜ್ಜುವ ಸದ್ದು. ನಡುರಾತ್ರಿ 2 ಗಂಟೆಯ ಪಾಲು ಕೊಟ್ಟು ಆ ಸದ್ದು ಕೇಳುತ್ತ ಕೂರುವುದಕ್ಕಿಂತ ಕಠಿಣವಾದ ಕೆಲಸವನ್ನು ನಾನು ಮಾಡಿಲ್ಲ. 10 ದಿನ ಹಾಗೆ ನಡೆಯಿತು. ಮೂರು ಬಾರಿಯಾದರೂ ‘ಇನ್ನೊಂದು ತುತ್ತು ಹಾಕಲೇ?’ ಎಂದು ಬೇಡಿದ್ದೇನೆ. ಮೂರು ಬಾರಿಯೂ ಬೇಡವೆಂದ ಡಾಕ್ಟರಿಗೆ ಕೈ ಮುಗಿಯುತ್ತೇನೆ.

ಕಜ್ಜಿಯ ಮಾತು ಬೇಗ ಮುಗಿಸುತ್ತೇನೆ. ಬ್ಲೇಡಿನಲ್ಲಿ ಚರ್ಮ ಕೆರೆದು ಸೂಕ್ಷ್ಮದರ್ಶಕದಡಿ ನೋಡಿದಾಗ ಕಂಡದ್ದು ಡೆಮೊಡೆಕ್ಸ್ ಎಂಬ ನುಸಿ. ಆರೋಗ್ಯವಂತ ನಾಯಿಯ ಮೈಯಲ್ಲೂ ಇದು ಇರುತ್ತದೆ. ಮೈ ಸೋತಾಗ ವಿಪರೀತ ಬೆಳೆಯುತ್ತದೆ. ಮನುಷ್ಯರಿಗೆ ಅಂಟುವುದಿಲ್ಲ. ಹಾಗೆಂದು ಅಕ್ಕಪಕ್ಕದವರಿಗೆ ನನಗಿಂತ ತಾಳ್ಮೆಯಿಂದ ತಿಳಿಹೇಳಿದ ಕೆಳಗಿನ ಮನೆಯ ಅಕ್ಕನಿಗೆ ವಂದನೆ. ಕೂದಲು ಬಂದೊಡನೆ ಔಷಧ ನಿಲ್ಲಿಸಲು ಹೊರಟಿದ್ದೆ, ಅದಕ್ಕೂ ತಡೆ ಬಿತ್ತು: ತಿಂಗಳ ಅಂತರದಲ್ಲಿ ಎರಡು ಬಾರಿ ಕೆರೆದು ನೋಡಿ, ಎರಡರಲ್ಲೂ ನುಸಿ ಇಲ್ಲದಿದ್ದರೆ ಮಾತ್ರ ನಿಲ್ಲಿಸಬೇಕಂತೆ. ಕೊರಳಿನ ಗಾಯಕ್ಕೆ ದಿನವೂ ಪಟ್ಟಿ ಕಟ್ಟಿದ ಆಸ್ಪತ್ರೆಯ ಸಹಾಯಕರು ಒಮ್ಮೆಯೂ ಮೂಗು ಮುಚ್ಚಿಕೊಳ್ಳಲಿಲ್ಲ. ನಾನು ಮುಚ್ಚಿಕೊಂಡಿದ್ದೆ. ಬೋಳು ಕಿವಿಯ ತುದಿಯಲ್ಲಿ ಮೊದಲು ಹುಟ್ಟಿದ ನಾಲ್ಕು ಬಿಳಿ ಕೂದಲನ್ನು ಕಂಡು ಅವಳಿಗೆ ಹೆಸರಿಟ್ಟವರೂ ಅವರೇ.

ಮೈ ಮಾಗಿದಷ್ಟು ಬೇಗ ಭಯ ಮಾಗಲಿಲ್ಲ. ನಾನು ಎದುರು ಕುಳಿತು ಮುದ್ದು ಮಾಡಲು ಹೋದಾಗಲೆಲ್ಲ ಬೆಳ್ಳಿ ಆಕಳಿಸುತ್ತಿದ್ದಳು, ತುಟಿ ನೆಕ್ಕಿಕೊಳ್ಳುತ್ತಿದ್ದಳು. ನಿದ್ದೆ ಬಂದಿರಬೇಕು ಎಂದುಕೊಂಡಿದ್ದೆ. ‘ಅದು ನಿದ್ದೆಯಲ್ಲ, ದೂರ ಹೋಗಿ ಎಂದು ಬೇಡುತ್ತಿದ್ದಾಳೆ’ ಎಂದು ತರಬೇತುದಾರರೊಬ್ಬರು ತಿದ್ದಿದರು. ಮುಟ್ಟಬೇಡಿ, ಕಣ್ಣಲ್ಲಿ ಕಣ್ಣಿಡಬೇಡಿ, ಬೆನ್ನು ಹಾಕಿ ಸುಮ್ಮನೆ ಕೂತಿರಿ ಎಂದರು. ಸುಮ್ಮನೆ ಕೂರುವುದು ನನ್ನಿಂದಾಗದ ಕೆಲಸ. ಅದನ್ನು ವಹಿಸಿಕೊಂಡವನು ಮಹಡಿಯ ಮನೆಯ ಹುಡುಗ. ಸಂಜೆ ಬಂದು, ಅವಳಿಗೆ ಬೆನ್ನು ಮಾಡಿ ಕುಳಿತು, ಜೋರಾಗಿ ಮಗ್ಗಿ ಓದುತ್ತಿದ್ದ. 26ನೇ ಸಂಜೆ ಹದಿಮೂರರ ಮಗ್ಗಿ ನಡೆದಿತ್ತು. ಬೆಳ್ಳಿ ಮೂಲೆಯಿಂದ ಎದ್ದು, ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡೇ ತೆವಳಿ ಬಂದು ಅವನ ಹಿಮ್ಮಡಿಯ ಮೇಲೆ ಗದ್ದ ಇಟ್ಟಳು. ಅವನು ತಿರುಗಲಿಲ್ಲ. ದನಿ ಮಾತ್ರ ಸಣ್ಣಗೆ ನಡುಗಿತು, ಹದಿಮೂರೇಳಲ ಎಂಬಲ್ಲಿಗೆ ಲೆಕ್ಕ ತಪ್ಪಿತು, ಆದರೂ ನಿಲ್ಲಿಸದೆ ತಪ್ಪುತಪ್ಪಾಗಿಯೇ ಹತ್ತರವರೆಗೂ ಓದಿ ಮುಗಿಸಿದ. ಮರಿ, ನಿನಗೆ ಏನು ಕೊಟ್ಟರೂ ಕಡಿಮೆ.

ಅವಳನ್ನು ಮೊದಲು ಕರೆದೊಯ್ದು ಮೂರೇ ದಿನಕ್ಕೆ ವಾಪಸು ತಂದ ಕುಟುಂಬಕ್ಕೂ ನನ್ನ ಕೃತಜ್ಞತೆ. ಇದನ್ನು ಕೇಳಿ ಕೆಲವರು ಹುಬ್ಬೇರಿಸಿದ್ದಾರೆ. ತಪ್ಪು ನನ್ನದು; ಒಬ್ಬ ಹುಡುಗನನ್ನು ನೋಡಿ ‘ಮಕ್ಕಳಿಗೆ ಹೊಂದಿಕೊಳ್ಳುತ್ತಾಳೆ’ ಎಂದುಬಿಟ್ಟಿದ್ದೆ. ಅವರ ಮನೆಯಲ್ಲಿ ಎರಡು ವರ್ಷದ ಮಗು, ದಿನವಿಡೀ ಗದ್ದಲ. ಬೆಳ್ಳಿ ಮಂಚದಡಿಯಿಂದ ಹೊರಬಂದೇ ಇರಲಿಲ್ಲ. ‘ನಮಗೆ ಅವಳು ಬೇಕು, ಅವಳಿಗೆ ನಮ್ಮ ಮನೆ ಆಗುತ್ತಿಲ್ಲ’ ಎಂದು ಅಳುತ್ತಲೇ ಕರೆತಂದರು. ಗೇಟು ತೆರೆದಿತ್ತು, ಓಡಿಹೋಯಿತು ಎಂಬ ಕಥೆ ಹೇಳುವವರನ್ನು ನಾನು ಕಂಡಿದ್ದೇನೆ. ಇವರು ಹಾಗೆ ಮಾಡಲಿಲ್ಲ.

ಕೊನೆಗೆ ಬಂದ ದಂಪತಿ ನಾಲ್ಕು ವಾರ ಬಂದರು, ಒಮ್ಮೆಯೂ ಮುಟ್ಟಲು ಹೋಗಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: ‘ಇವಳಿಗೆ ಯಾವುದು ಕಂಡರೆ ಹೆದರಿಕೆ?’ ಪೊರಕೆ, ಬಾಗಿಲಿಗೆ ಅಡ್ಡ ನಿಂತ ಗಂಡಸು, ಬೆಲ್ಟಿನ ಬಕಲ್ ಸದ್ದು ಎಂದೆ. ಮುಂದಿನ ವಾರ ಯಜಮಾನರು ಬೆಲ್ಟ್ ಇಲ್ಲದೆ, ಒಂದು ಕೈಯಲ್ಲಿ ಪ್ಯಾಂಟ್ ಹಿಡಿದುಕೊಂಡು ಒಳಗೆ ಬಂದರು. ನನ್ನ ಮಟ್ಟಿಗೆ ಅಂದೇ ನಿರ್ಧಾರವಾಯಿತು. ಹೊಸ ಜಾಗದಲ್ಲಿ ಬೆದರಿ ಓಡಬಹುದೆಂದು ಎದೆಪಟ್ಟಿಗೊಂದು, ಕೊರಳಪಟ್ಟಿಗೊಂದು ಎಂದು ಎರಡು ಹಗ್ಗ ಹಾಕಿಯೇ ಕರೆದೊಯ್ದರು. ಅವಳು ಮಲಗುತ್ತಿದ್ದ ಹಳೆಯ ಚಾದರವನ್ನು ಒಗೆಯದೆ ಕೊಡಿ ಎಂದು ಕೇಳಿ ಪಡೆದರು. ಕೊನೆಯ ಗಳಿಗೆಯಲ್ಲಿ ನಾನೇ ಇಟ್ಟುಕೊಳ್ಳುತ್ತೇನೆ ಎಂದು ಹಟ ಹಿಡಿದಾಗ ‘ಅವಳಿಗಾಗಿಯೋ, ನಿಮಗಾಗಿಯೋ?’ ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದ ಗೆಳತಿಗೆ ಈಗಲೂ ಸ್ವಲ್ಪ ಕೋಪದಿಂದಲೇ ವಂದಿಸುತ್ತೇನೆ.

ನಿನ್ನೆ ಆ ಮನೆಯಿಂದ ಒಂದು ಫೋಟೊ ಬಂತು. ತಟ್ಟೆಯಲ್ಲಿ ಎರಡು ತುತ್ತು ಹಾಗೆಯೇ ಉಳಿದಿದೆ. ಬೆಳ್ಳಿ ಅದಕ್ಕೆ ಬೆನ್ನು ಹಾಕಿ, ಬಾಗಿಲ ಬಳಿಯ ಬಿಸಿಲಿನಲ್ಲಿ ನಾಲ್ಕು ಕಾಲು ಚಾಚಿ ಮಲಗಿದ್ದಾಳೆ. ‘ಊಟ ಬಿಟ್ಟಿದ್ದಾಳೆ, ಹುಷಾರಿಲ್ಲವೇನೋ?’ ಎಂದು ಅವರು ಗಾಬರಿಯಾಗಿದ್ದರು. ನಾನೂ ಗಾಬರಿಯಾಗಿ ಡಾಕ್ಟರಿಗೆ ಕಳುಹಿಸಿದೆ. ‘ಹೊಟ್ಟೆ ತುಂಬಿದೆ’ ಎಂದಷ್ಟೇ ಉತ್ತರ ಬಂತು.