ಶಂಟ್ ಹಾಕಿಸಿಕೊಂಡವರಿಗೆ ತೂಕದ ಮಾತೂ ಕನ್ನಡದಲ್ಲಿ ಸಿಗಲಿ

ಮಾನ್ಯ ಸಂಪಾದಕರಿಗೆ,

ನಾನು ಬದಿಯಡ್ಕ ಕಡೆಯವಳು, ವಯಸ್ಸು 36, ಮನೆಯಲ್ಲೇ ಹೊಲಿಗೆ ಕೆಲಸ. ಮಿದುಳಿನ ನೀರಿನ ಒತ್ತಡ ಹೆಚ್ಚಿ ಶಂಟ್ ಎಂಬ ನಳಿಗೆ ಹಾಕಿಸಿಕೊಂಡವಳು. ಮೂರು ವರ್ಷದ ಹಿಂದೆ ಅಡಿಕೆ ಹೆಕ್ಕಲು ಬಗ್ಗಿದರೆ ಎರಡೂ ಕಣ್ಣಿಗೆ ಕತ್ತಲೆ ಕವಿದು ನಾಲ್ಕೈದು ಸೆಕೆಂಡಿನಲ್ಲಿ ತಿಳಿಯಾಗುತ್ತಿತ್ತು. ರಾತ್ರಿ ಮಲಗಿದರೆ ಕಿವಿಯೊಳಗೆ ನಾಡಿ ಬಡಿಯುವ ಸದ್ದು, ಜೊತೆಗೆ ತಲೆನೋವು. ಸೂಜಿಗೆ ನೂಲು ಪೋಣಿಸಲಾಗದೆ ಕನ್ನಡಕಕ್ಕೆಂದು ಹೋದವಳಿಗೆ ಕಣ್ಣಿನ ಡಾಕ್ಟರು, 'ಕಣ್ಣಿನ ನರ ಬಾತಿದೆ, ಇವತ್ತೇ ಮಂಗಳೂರಿಗೆ ಹೋಗಿ' ಎಂದರು. ಸ್ಕ್ಯಾನಿನಲ್ಲಿ ಗೆಡ್ಡೆ ಇರಲಿಲ್ಲ, ರಕ್ತ ಹೆಪ್ಪುಗಟ್ಟಿರಲಿಲ್ಲ. ಬೆನ್ನಿಗೆ ಸೂಜಿ ಹಾಕಿ ಅಳೆದಾಗ ಮಿದುಳಿನ ನೀರಿನ ಒತ್ತಡ 38 ಸೆಂಟಿಮೀಟರ್ (ಅಳೆಯುವ ಕೊಳವೆಯಲ್ಲಿ ನೀರು ಏರುವ ಎತ್ತರ). 25 ದಾಟಿದರೇ ಹೆಚ್ಚು. ಕಾರಣ ಇಂಥದ್ದೇ ಎಂದು ಹೇಳಲಾಗದ ಈ ಕಾಯಿಲೆ ಹೆಚ್ಚಾಗಿ ಬರುವುದು ಮೈತೂಕ ಜಾಸ್ತಿಯಿರುವ, ಹೆರುವ ವಯಸ್ಸಿನ ಹೆಂಗಸರಿಗೆ.

ಈ ನೀರು ಹುಟ್ಟುವುದನ್ನು ತಗ್ಗಿಸುವ ಅಸೆಟಜೋಲಮೈಡ್ ಮಾತ್ರೆ ಕೊಟ್ಟರು. ಬೆರಳ ತುದಿ ಜುಮುಜುಮು, ಬಾಯಿಗೆ ರುಚಿಯಿಲ್ಲ, ಅನ್ನ ಕಂಡರೆ ಬೇಡ. 78 ಕಿಲೋ ಇದ್ದವಳು 71ಕ್ಕೆ ಇಳಿದೆ. ಆದರೂ ನೋಟ ಕುಂದುತ್ತಲೇ ಹೋಯಿತು. ಕೊನೆಗೆ ಶಂಟ್ ಹಾಕಿದರು: ಮಿದುಳಿನ ನೀರನ್ನು ಹೊಟ್ಟೆಗೆ ಇಳಿಸುವ ಸಣ್ಣ ನಳಿಗೆ. ಕುತ್ತಿಗೆ ಸವರಿದರೆ ಚರ್ಮದಡಿ ಇವತ್ತಿಗೂ ಬೆರಳಿಗೆ ಸಿಗುತ್ತದೆ. ನನ್ನ ಕಣ್ಣು ಉಳಿಸಿದ್ದು ಅದೇ.

ಹದಿನಾಲ್ಕು ತಿಂಗಳ ಮೇಲೆ ಅಡಿಕೆ ಅಂಗಡಿಯಲ್ಲಿ ಗೋಣಿ ಇಳಿಸಿದ ತಕ್ಕಡಿಗೆ ಹತ್ತಿ ನೋಡಿದೆ. 84 ಕಿಲೋ! ತಲೆಯ ನೀರೆಲ್ಲ ಹೊಟ್ಟೆಯಲ್ಲಿ ತುಂಬುತ್ತಿದೆ ಎಂದು ಹೆದರಿ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಆಮೇಲೆ ಡಾಕ್ಟರಿಗೆ ತೋರಿಸಿದಾಗ ಅವರು ಬಿಡಿಸಿ ಹೇಳಿದರು. ಮಿದುಳಿನಲ್ಲಿ ದಿನಕ್ಕೆ ಹುಟ್ಟುವ ನೀರೇ ಅರ್ಧ ಲೀಟರಿನಷ್ಟು. ಹೊಟ್ಟೆಯ ಒಳಪೊರೆ ಅದನ್ನು ಹೀರಿ ರಕ್ತಕ್ಕೆ ಸೇರಿಸುತ್ತದೆ, ತೂಕ ಏರುವುದು ಅದರಿಂದಲ್ಲ. (ಹೊಟ್ಟೆ ಉಬ್ಬಿ ನೋವು, ಜ್ವರ, ವಾಂತಿ ಬಂದರೆ, ಹಳೆಯ ತಲೆನೋವು ಮರಳಿದರೆ ತಡಮಾಡದೆ ಓಡಬೇಕು.)

ಹಾಗಾದರೆ ಏರಿದ್ದೇಕೆ? ಮಾತ್ರೆ ನಿಂತಿತು, ಹಸಿವು ಮರಳಿತು. ತಲೆನೋವಿಲ್ಲದ ಬಾಯಿಗೆ ಗಂಜಿಯೂ ರುಚಿ. ಅತ್ತೆ ಬಾಣಂತಿಯನ್ನು ನೋಡಿಕೊಂಡಂತೆ ತುಪ್ಪ, ಲೇಹ್ಯ ತಿನ್ನಿಸಿದರು, ಕೊಡಪಾನ ಮುಟ್ಟಲೂ ಬಿಡಲಿಲ್ಲ. 'ಭಾರ ಎತ್ತಬಾರದು' ಎಂಬುದು ಎಲ್ಲರಿಗೂ ನೆನಪಿತ್ತು. ಆದರೆ ಬಿಡುಗಡೆ ಚೀಟಿಯಲ್ಲಿ ಇದ್ದದ್ದು 'ಆರು ವಾರ' ಎಂದು! ಇಂಗ್ಲಿಷಿನಲ್ಲಿದ್ದುದರಿಂದ ಮನೆಯಲ್ಲಿ ಯಾರೂ ಓದಿರಲಿಲ್ಲ. ನಾನು ಒಂದು ವರ್ಷ ಕೂತೇ ಇದ್ದೆ. ಇಲ್ಲಿನ ಆರೋಗ್ಯ ಕೇಂದ್ರದಲ್ಲಿ ಪಥ್ಯದ ಚೀಟಿ ಕೊಟ್ಟರು, ಅದು ಮಲಯಾಳದಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರು ಅದನ್ನು ಹಿಡಿದುಕೊಂಡು ಯಾರ ಮನೆಗೆ ಹೋಗಬೇಕು?

ನಳಿಗೆ ನೀರಿಗೆ ದಾರಿ ಮಾಡುತ್ತದೆ, ಒತ್ತಡದ ಮೂಲ ಹಾಗೇ ಇರುತ್ತದೆ. ನಳಿಗೆ ಕಟ್ಟಿಕೊಳ್ಳುವುದು ಅಪರೂಪವೇನಲ್ಲ. ಆಗ ಕಣ್ಣಿಗೆ ಮತ್ತೆ ಅಪಾಯ. ತೂಕ ಇಳಿದರೆ ಒತ್ತಡವೂ ಇಳಿಯುತ್ತದೆ ಎಂದು 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲೂ ಕಂಡಿದೆಯಂತೆ. ಇಷ್ಟು ಮುಖ್ಯ ಸಂಗತಿಯನ್ನು ಮನೆಗೆ ಕಳಿಸುವ ದಿನ ಯಾರೂ ಹೇಳಲಿಲ್ಲ ಎಂಬುದೇ ನನ್ನ ಸಂಕಟ. ಆಮೇಲೆ ಸಿಕ್ಕಿದ್ದು 'ಬಾಯಿ ಕಟ್ಟಬೇಕು' ಎಂಬ ಬೈಗುಳ ಮಾತ್ರ. ಬೈಸಿಕೊಂಡ ನಾನು ಮೂರು ತಿಂಗಳು ತಪಾಸಣೆಗೇ ಹೋಗಲಿಲ್ಲ.

ಕಾಸರಗೋಡಿನ ರೋಗಿಗಳು ದಿನಾ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಅಲ್ಲಿನ ಆಸ್ಪತ್ರೆಗಳು ಬಿಡುಗಡೆಯ ದಿನ ಕನ್ನಡದಲ್ಲಿ ಒಂದು ಪುಟ ಕೊಡಲಿ: ಏನು ತಿನ್ನಬೇಕು, ಯಾವಾಗಿನಿಂದ ನಡೆಯಬೇಕು, ತೂಕ ಎಷ್ಟು ಏರಿದರೆ ಬಂದು ತೋರಿಸಬೇಕು. ಇಲ್ಲಿನ ಪಂಚಾಯತ್ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ, ಬಿಪಿ ನೋಡುವ ದಿನವೇ ನಮ್ಮಂಥವರ ತೂಕವನ್ನೂ ಬರೆದಿಡಲಿ, ಕನ್ನಡ ಬಲ್ಲ ಒಬ್ಬರು ಕೂತು ಮಾತಾಡಲಿ.

ನನ್ನ ತೂಕ ಈಗ 79. ಮುಂದಿನ ತಿಂಗಳು ಮತ್ತೆ ಕಣ್ಣಿನ ಪರೀಕ್ಷೆ ಇದೆ.

– ಓರ್ವ ಓದುಗಿ, ಬದಿಯಡ್ಕ, ಕಾಸರಗೋಡು