ಮಾಚೇನಹಳ್ಳಿಗೆ ಹಸಿರು ವಿದ್ಯುತ್ ಬರಲಿ

ಮಾನ್ಯ ಸಂಪಾದಕರೇ,

ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಲ್ಲಿ ಕಬ್ಬಿಣ ಕರಗಿಸುವ ಇಂಡಕ್ಷನ್ ಕುಲುಮೆಗಳು ತಾವೇ ಕಲ್ಲಿದ್ದಲು ಉರಿಸುವುದಿಲ್ಲವಾದರೂ, ಅವು ಗ್ರಿಡ್‌ನಿಂದ ಪಡೆಯುವ ವಿದ್ಯುತ್ತಿನಲ್ಲಿ ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲು ಸ್ಥಾವರಗಳ ಪಾಲೂ ಇದೆ. ಚಾವಣಿಯ ಸೌರಫಲಕಗಳನ್ನಷ್ಟೇ ನೆಚ್ಚಿಕೊಂಡರೆ ಮಲೆನಾಡಿನ ಮೋಡ ಕವಿದ ಮಳೆಗಾಲದಲ್ಲಿ ಸಾಲದು. ಆದರೆ ಅದೇ ತಿಂಗಳುಗಳಲ್ಲಿ ನೆರೆಯ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಭರದಿಂದ ತಿರುಗುತ್ತಿರುತ್ತವೆ. ಕೇಂದ್ರದ 2022ರ ನಿಯಮಗಳು ಮುಕ್ತ ಪ್ರವೇಶದಡಿ, ಅಂದರೆ ಸ್ಥಳೀಯ ವಿದ್ಯುತ್ ಕಂಪನಿಯ ಬದಲು ಬೇರೆ ಉತ್ಪಾದಕರಿಂದ, ಹಸಿರು ವಿದ್ಯುತ್ ಖರೀದಿಸಲು ಇರಬೇಕಾದ ಕನಿಷ್ಠ ಬೇಡಿಕೆಯ ಮಿತಿಯನ್ನು 1 ಮೆಗಾವ್ಯಾಟ್‌ನಿಂದ 100 ಕಿಲೋವ್ಯಾಟ್‌ಗೆ ಇಳಿಸಿವೆ. ಆದರೂ ಖರೀದಿ ಒಪ್ಪಂದ, ಮೀಟರ್, ವೀಲಿಂಗ್ (ತಂತಿಜಾಲದ ಮೂಲಕ ವಿದ್ಯುತ್ ಸಾಗಿಸುವ) ಶುಲ್ಕಗಳ ಲೆಕ್ಕವನ್ನು ಸಣ್ಣ ಘಟಕದ ಮಾಲೀಕರು ಒಬ್ಬರೇ ನಿಭಾಯಿಸುವುದು ಕಷ್ಟ. ಆದ್ದರಿಂದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯೇ ಎಲ್ಲರ ಬೇಡಿಕೆಯನ್ನು ಒಗ್ಗೂಡಿಸಿ, ಪವನ ಮತ್ತು ಸೌರ ವಿದ್ಯುತ್ತನ್ನು ಒಟ್ಟಾಗಿ ಖರೀದಿಸುವ ವ್ಯವಸ್ಥೆ ಮಾಡಬೇಕು. ಹಸಿರು ವಿದ್ಯುತ್ತಿನ ಹೆಸರಿನಲ್ಲಿ ಜಲವಿದ್ಯುತ್ ಯೋಜನೆಗಳಿಗಾಗಿ ಶರಾವತಿ ಕಣಿವೆಯ ಕಾಡನ್ನು ಮಾತ್ರ ಮತ್ತೆ ಕೇಳಬಾರದು.

– ಓರ್ವ ಓದುಗ, ಶಿವಮೊಗ್ಗ