ಟೈಲ್ಸ್‌ಗಿಂತ ಮೊದಲು ನೀರಿನ ದಾರಿ

ಮಾನ್ಯರೇ,

ಮಲೆನಾಡಿನ ನಮ್ಮ ಹಳೆಯ ಮನೆಯಲ್ಲಿ, ಮರದ ಜಂತೆಗಳ ಮೇಲಿನ ಬಾಲ್ಕನಿಯ ಹಲಗೆಗೆ ನೇರವಾಗಿ ಸಿಮೆಂಟ್ ಗಾರೆ ಹರಡಿ ಟೈಲ್ಸ್ ಕೂರಿಸಿದ್ದೆವು. ಒರೆಸಿದರೆ ಸಾಕು, ವರ್ಷವರ್ಷವೂ ಎಣ್ಣೆ ಬಳಿಯುವ ಕೆಲಸವಿಲ್ಲ ಎಂಬುದು ನಮ್ಮ ಎಣಿಕೆಯಾಗಿತ್ತು. ಎರಡನೇ ಮಳೆಗಾಲಕ್ಕೆ ಸಂದುಗಳು ಬಿರಿದವು. ಕೆಳಗಿನಿಂದ ಜಂತೆಗೆ ಚುಚ್ಚಿದ ಮೊಳೆ ಒದ್ದೆ ಬೆಲ್ಲಕ್ಕೆ ಇಳಿದಂತೆ ಇಳಿಯಿತು.

ಮರ ತೇವಕ್ಕೆ ಹಿಗ್ಗಿ ಒಣಗಿದಾಗ ಕುಗ್ಗುತ್ತದೆ, ಟೈಲ್ಸ್ ಹಾಗಲ್ಲ. ಆದ್ದರಿಂದ ಮೀಟರಿಗೆ ಸುಮಾರು ಒಂದೂವರೆ ಸೆಂ.ಮೀ. ಇಳಿಜಾರು, ಗೋಡೆಯ ಮೇಲೂ ಹತ್ತುವಂತೆ ಬಳಿದ ಜಲನಿರೋಧಕ ಪದರ, ಬಾಗಬಲ್ಲ ಅಂಟು ಮತ್ತು ಜಂತೆಗಳಿಗೆ ಕೆಳಗಿನಿಂದ ಗಾಳಿ ಇವೆಲ್ಲ ಇದ್ದರೆ ಮಾತ್ರ ಇಂಥ ಬಾಲ್ಕನಿ ಬಾಳುತ್ತದೆ. 2015ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ನೀರಿಳಿದು ಕೊಳೆತ ಮರದ ತೊಲೆಗಳಿಂದಾಗಿ ಬಾಲ್ಕನಿ ಕುಸಿದು ಆರು ಮಂದಿ ಸತ್ತರು. ಟೈಲ್ಸ್ ಆರಿಸುವ ಮೊದಲು ದಯವಿಟ್ಟು ಅನುಭವಿ ಬಡಗಿಯಿಂದ ಜಂತೆಗಳನ್ನು ಪರೀಕ್ಷೆ ಮಾಡಿಸಿ.

— ಓದುಗ, ತೀರ್ಥಹಳ್ಳಿ